ಸಹಾಯ ಬೇಕು: ಸ್ಟಾಂಟನ್ ಅಂಕಣದ ಚೆಸ್ ಆಟಗಳನ್ನು ಪಿಜಿಎನ್‌ಗೆ ಇಳಿಸಲು

ನಮಸ್ಕಾರ. ‘ಇಲ್ಲಸ್ಟ್ರೇಟೆಡ್ ಲಂಡನ್ ನ್ಯೂಸ್’ ಪತ್ರಿಕೆಯಲ್ಲಿ ಇಂಗ್ಲಿಷ್ ಚೆಸ್ ಆಟಗಾರ ಹೊವರ್ಡ್ ಸ್ಟಾಂಟನ್ 1845ರಿಂದ 1874ರವರೆಗೆ ನಡೆಸಿದ ಅಂಕಣದ ಆಟಗಳನ್ನು ಪಿಜಿಎನ್ (ಚೆಸ್ ನಡೆಗಳನ್ನು ಕಂಪ್ಯೂಟರ್ ಓದುವಂತೆ ಬರೆಯುವ ಪಠ್ಯರೂಪ) ಕಡತಗಳಾಗಿ ಮಾಡುತ್ತಿದ್ದೇನೆ.

ಸ್ಕ್ಯಾನ್ ಓದುವ ತಂತ್ರಾಂಶ 3, 5, 8 ಅಂಕಿಗಳನ್ನು ಅದಲುಬದಲು ಮಾಡುತ್ತದೆ. ನಡೆ ಬರೆಯುವ ಹಳೆಯ ಪದ್ಧತಿಯಲ್ಲಿ ಇಬ್ಬರೂ ತಂತಮ್ಮ ಕಡೆಯಿಂದ ಮನೆ ಎಣಿಸುತ್ತಾರೆ: ಬಿಳಿಯ ‘ಕೆ4’ (ರಾಜನ ಸಾಲಿನ ನಾಲ್ಕನೇ ಮನೆ) ಎಂದರೆ ಇಂದಿನ ಬರವಣಿಗೆಯಲ್ಲಿ ಇ4, ಕಪ್ಪಿನದು ಇ5. ಹಾಗಾಗಿ ಒಂದು ಅಂಕಿ ಕೆಟ್ಟರೂ ಮುಂದೆಲ್ಲೋ ಆಟ ನಿಯಮಬಾಹಿರವಾಗಿ ನಿಂತುಬಿಡುತ್ತದೆ. ಕಪ್ಪು ಮೊದಲು ನಡೆದ ಆಟಗಳಲ್ಲಿ ಬಣ್ಣ ಬದಲಿಸಿದರೆ ಸಾಕು. ಎದುರಾಳಿಗೆ ರಿಯಾಯಿತಿಯಾಗಿ ಎಫ್7 ಪಾನ್ (ಕಾಲಾಳು) ಬಿಟ್ಟುಕೊಟ್ಟು ಆಡಿದವಕ್ಕೆ ಆರಂಭದ ಫೆನ್ (ಹಲಗೆಯ ಮೇಲೆ ಕಾಯಿಗಳಿರುವ ಜಾಗವನ್ನು ಒಂದು ಸಾಲಿನಲ್ಲಿ ಬರೆಯುವ ರೀತಿ) ಸ್ಥಿತಿ ಕೊಡಲೇಬೇಕು.

ನಿಜವಾಗಿ ಕಾಡುವುದು ‘ಪಿ ಟೇಕ್ಸ್ ಪಿ’, ಅಂದರೆ ಪಾನ್ ಪಾನನ್ನು ಹೊಡೆಯಿತು ಎಂದಷ್ಟೇ ಬರೆದ ನಡೆ. ಯಾವ ಪಾನ್ ಯಾವುದನ್ನು ಹೊಡೆಯಿತು? ಎರಡೂ ಸಾಧ್ಯತೆಗಳನ್ನು ಮುಂದುವರಿಸಿದರೆ ಸಾಮಾನ್ಯವಾಗಿ ಒಂದು ಮುರಿದುಬೀಳುತ್ತದೆ. ಚಿಕ್ಕ ಆಟಗಳಲ್ಲಿ ಎರಡೂ ಉಳಿಯುತ್ತವೆ. ಆಗ ಅಡಿಟಿಪ್ಪಣಿಯೇ ಗತಿ. ಅದು ಹೊಲಿಗೆಯ ಅಂಚಿನಲ್ಲಿ ಮುಚ್ಚಿಹೋಗಿರುತ್ತದೆ.

ಯಾರಿಗಾದರೂ ಗ್ರಂಥಾಲಯದಲ್ಲಿ 1850ರ ದಶಕದ ಮೂಲ ಸಂಪುಟಗಳು ಸಿಗುತ್ತವೆಯೇ? ಒಳಅಂಚು, ಅಡಿಟಿಪ್ಪಣಿ, ಸಂಚಿಕೆಯ ದಿನಾಂಕ ಕಾಣುವಂತೆ ನೇರ ಮೇಲಿನಿಂದ ಫೋಟೊ ತೆಗೆದು ಕಳಿಸಿ. ಕಲ್ಕತ್ತೆಯಲ್ಲಿ ಜಾನ್ ಕಾಕ್ರೇನ್ ಮತ್ತು ಮಹೇಶ್ ಚಂದ್ರ ಬ್ಯಾನರ್ಜಿ ಆಡಿದ ಆಟಗಳು ಯಾವ ಪತ್ರಿಕೆಯ ಅಂಕಣದಲ್ಲಿ ಕಂಡರೂ ದಯವಿಟ್ಟು ತಿಳಿಸಿ. ಅವು ನನಗೆ ಎಲ್ಲಕ್ಕಿಂತ ಮುಖ್ಯ.