ಹಳೇ ಬ್ರಿಟಿಷ್ ರೇಸ್ ಚಿತ್ರಗಳು: ಅಸಲಿ ಶಾಟ್ ಯಾವುದು, ಸ್ಟುಡಿಯೋದ್ದು ಯಾವುದು?

ಚಕ್ರಪಾಣಿ:
1950ರ ದಶಕದ ಕಡಿಮೆ ಬಜೆಟ್‌ನ ಕಪ್ಪುಬಿಳುಪು ರೇಸ್ ಚಿತ್ರಗಳಲ್ಲಿ ದೂರದ ಶಾಟ್ ಚೆನ್ನಾಗಿರುತ್ತದೆ. ನಾಯಕನ ಕ್ಲೋಸಪ್ ಬಂತೋ, ಹಿಂದಿನ ರಸ್ತೆ ಪೇಲವ. ಫೋಕಸ್ ತಪ್ಪಿದ್ದಾ? ಮಧ್ಯೆ ಕಾರಿನ ಮೂತಿಯೂ ಬದಲಾಗುತ್ತದಲ್ಲ, ಯಾಕೆ?

ಹಿಂಬದಿ ಪರದೆ:
ಫೋಕಸ್ ಅಲ್ಲ ಸರ್, ಬ್ಯಾಕ್ ಪ್ರೊಜೆಕ್ಷನ್. ಕ್ಯಾಮೆರಾ ಕಾರಿನಿಂದ ಹಿಮ್ಮುಖವಾಗಿ ರಸ್ತೆ ಚಿತ್ರಿಸಿ, ಪ್ರಿಂಟ್ ತೆಗೆದು, ಅರೆಪಾರದರ್ಶಕ ಪರದೆಗೆ ಹಿಂದಿನಿಂದ ಬಿಡುತ್ತಾರೆ. ಮುಂದೆ ಕಾರಿನ ಅರ್ಧ ಬಾಡಿ, ಅದರಲ್ಲಿ ನಟ. ಎರಡನ್ನೂ ಸೇರಿಸಿ ಮತ್ತೆ ಚಿತ್ರೀಕರಣ. ಹಾಗಾಗಿ ರಸ್ತೆ ಮಾತ್ರ ಎರಡು ಸಲ ಫಿಲ್ಮಿಗೆ ಇಳಿದಿರುತ್ತದೆ: ಗ್ರೇನ್ (ಫಿಲ್ಮಿನ ಮರಳುಮರಳು ಚುಕ್ಕಿ) ಜಾಸ್ತಿ, ಕಪ್ಪು ಬೂದಿಯಾಗುತ್ತದೆ. ಪ್ರೊಜೆಕ್ಟರ್, ಕ್ಯಾಮೆರಾ ಎರಡರ ಶಟರ್ (ಬೆಳಕು ಬಿಡುವ, ತಡೆಯುವ ಬಾಗಿಲು) ಒಂದೇ ಕ್ಷಣಕ್ಕೆ ತೆರೆಯಬೇಕು. ಇಲ್ಲದಿದ್ದರೆ ಹಿನ್ನೆಲೆ ಮಿಣಮಿಣ ಅನ್ನುತ್ತದೆ. ಸ್ಟೇಜ್ ಚಿಕ್ಕದಾಗಿ ಪ್ರೊಜೆಕ್ಟರ್ ಹತ್ತಿರವಾದರೆ ಪರದೆಯ ನಡುವೆ ಬೆಳಕಿನ ಬೊಟ್ಟು, ಅಂಚು ಕತ್ತಲು.

ನೆರಳು ನೋಡಿ. ತಿರುವಿನಲ್ಲಿ ರಸ್ತೆ ಗರ್ರನೆ ಹೊರಳುತ್ತದೆ, ಮೂಗಿನ ನೆರಳು ಕದಲುವುದೇ ಇಲ್ಲ. ನಟನಿಗೆ ಹಾಕಿದ ದೀಪದ ಬೆಳಕು ಪರದೆಗೆ ಬಿದ್ದರೆ ಚಿತ್ರ ಅಳಿಸಿಹೋಗುತ್ತದೆ, ಅದಕ್ಕೇ ದೀಪ ಅಲ್ಲಾಡಿಸುವ ಧೈರ್ಯ ಮಾಡುತ್ತಿರಲಿಲ್ಲ.

ಇಪ್ಪತ್ನಾಲ್ಕು ಫ್ರೇಮು:
ದೂರದ ಶಾಟ್ ಎಲ್ಲಾ ಅಸಲಿ ಅಂತಲೂ ನಂಬಬೇಡಿ. ಸೆಕೆಂಡಿಗೆ 18 ಫ್ರೇಮಿನಲ್ಲಿ ಚಿತ್ರಿಸಿ 24ರಲ್ಲಿ ತೋರಿಸಿದರೆ ಗಂಟೆಗೆ 60 ಮೈಲಿಯ ಕಾರು 80ರಲ್ಲಿ ಹೋದಂತೆ, 16ರಲ್ಲಾದರೆ 90. ಎಕ್ಸ್‌ಪೋಷರ್ (ಒಂದು ಫ್ರೇಮಿಗೆ ಬೆಳಕು ಬೀಳುವ ಹೊತ್ತು) ಕೂಡ 18 ಫ್ರೇಮಿನಲ್ಲಿ 1/48ರಿಂದ 1/36 ಸೆಕೆಂಡಿಗೆ ಏರುವುದರಿಂದ ಅಪರ್ಚರ್, ಅಂದರೆ ಲೆನ್ಸಿನ ಕಿಂಡಿ, ಕಿರಿದು ಮಾಡಬೇಕು. ಸಿಕ್ಕಿಬೀಳುವುದು ಕಾರಿನಿಂದಲ್ಲ, ಸುತ್ತಲಿನದರಿಂದ: ಬಾವುಟ ಪಟಪಟ, ಜನ ಕೀಲಿಗೊಂಬೆ, ಸಸ್ಪೆನ್ಷನ್ ಆಟಿಕೆಯ ಹಾಗೆ ಕುಪ್ಪಳಿಸುತ್ತದೆ.

ಪಿಟ್ ಲೇನ್:
ಮೂತಿಯ ವಿಷಯ. ನಿಜವಾದ ರೇಸಿನ ಫೂಟೇಜ್ (ಮೊದಲೇ ಚಿತ್ರಿಸಿಟ್ಟ ತುಣುಕು) ಅಗ್ಗ, ಆದರೆ ಅದರಲ್ಲಿರುವ ಕಾರಿಗೇ ಸ್ಟುಡಿಯೋ ಕಾರು ಹೊಂದಬೇಕು. 1952, 1953ರ ವಿಶ್ವ ಚಾಂಪಿಯನ್‌ಶಿಪ್ ನಡೆದದ್ದು 2 ಲೀಟರ್ ಎಂಜಿನ್‌ನ ಫಾರ್ಮುಲಾ ಟೂ ನಿಯಮದಲ್ಲಿ, 1954ರಿಂದ 2.5 ಲೀಟರ್. ನಿಯಮ ಬದಲಾದರೆ ಕಾರೂ ಬದಲು, ಹಿಂದಿನ ವರ್ಷದ ಫೂಟೇಜ್ ಬೆರೆಸಿದರೆ ಬಣ್ಣ ಬಯಲು. ಇನ್ನೂ ಸುಲಭದ ಗುರುತು: ಕೂಪರ್ ಕಂಪನಿಯ ಪುಟ್ಟ 500 ಸಿಸಿ ರೇಸ್ ಕಾರಿನ ಎಂಜಿನ್ ಚಾಲಕನ ಬೆನ್ನ ಹಿಂದೆ, ಅದೇ ಕಂಪನಿಯ ಕೂಪರ್-ಬ್ರಿಸ್ಟಲ್ ಕಾರಿನದು ಮುಂದೆ. ಒಂದೇ ನಂಬರಿನ ಕಾರಿನ ಮೂತಿ ಮೊಂಡಾಗಿ ಮತ್ತೆ ಉದ್ದವಾದರೆ ಎರಡು ಕಾರು ಅಂತಲೇ ಲೆಕ್ಕ. ನಂಬರೇ ಕನ್ನಡಿಯಲ್ಲಿ ಕಂಡಂತೆ ತಿರುಗುಮುರುಗಾಗಿದ್ದರೆ ಎಡಿಟರ್ ಶಾಟನ್ನು ಎಡಬಲ ಮಗುಚಿದ್ದಾನೆ, ಕಾರು ಓಡುವ ದಿಕ್ಕು ಹೊಂದಲಿ ಅಂತ.

ಚಕ್ರಪಾಣಿ:
ಹಾಗಾದರೆ 'ಮಾಸ್ಕ್ ಆಫ್ ಡಸ್ಟ್' ಚಿತ್ರದಲ್ಲಿ ರೇಸ್ ಚಾಲಕ ಸ್ಟರ್ಲಿಂಗ್ ಮಾಸ್ ಇರುವುದೂ ಫೂಟೇಜಾ?

ಪಿಟ್ ಲೇನ್:
ಅಲ್ಲ. ಬ್ರಿಟನ್ನಿನ ಹ್ಯಾಮರ್ ಚಿತ್ರ ಕಂಪನಿಯ ಆ 1954ರ ಚಿತ್ರದಲ್ಲಿ ಮಾಸ್ ಮತ್ತು ಇನ್ನೊಬ್ಬ ರೇಸ್ ಚಾಲಕ ರೆಗ್ ಪಾರ್ನೆಲ್ ತಮ್ಮದೇ ಪಾತ್ರದಲ್ಲಿ ನಟಿಸಿದ್ದಾರೆ. ನಾಯಕ ರಿಚರ್ಡ್ ಕಾಂಟೆ ಅಮೆರಿಕದವರು, ಅಲ್ಲಿ ಟಿಕೆಟ್ ಹೋಗಲಿ ಅಂತ. ಅಮೆರಿಕದಲ್ಲಿ ಹೆಸರೂ ಬೇರೆ, 'ಎ ರೇಸ್ ಫಾರ್ ಲೈಫ್'. ಇಂಥ ಚಿತ್ರಗಳಲ್ಲಿ ಹೆಲ್ಮೆಟ್, ಗಾಗಲ್ಸ್ ಹಾಕಿಸಿದರೆ ನಾಯಕನ ಬದಲು ಯಾರು ಓಡಿಸಿದರೂ ನಡೆಯುತ್ತದೆ. ಗಾಗಲ್ಸ್ ಹಣೆಗೆ ಏರಿತೋ, ಮುಂದಿನ ಶಾಟ್ ಸ್ಟುಡಿಯೋದ್ದು.