ಬೋಟಿಗೆ ಹೋಗುವ ಅಪ್ಪ, ಮನೆಯಲ್ಲಿ ಬೆಳೆಯುವ ಮಕ್ಕಳು: ತಿಳಿದವರು ಹೇಳಿ

ಕೇಳಿದವರು, ಕಾರವಾರ: ಗಂಡ ಬೈತಖೋಲ ಬಂದರಿನ ಟ್ರಾಲರ್‌ನಲ್ಲಿ (ಬಲೆ ಎಳೆದು ಮೀನು ಹಿಡಿಯುವ ಬೋಟು) ದುಡಿಯುತ್ತಾರೆ. ಹೋದರೆ 8–10 ದಿನ ಕಡಲಲ್ಲೇ. ಮಗಳಿಗೆ 10, ಮಗನಿಗೆ 6. ಮುಂದೆ ಮಕ್ಕಳಿಗೆ ತೊಂದರೆ ಆಗುತ್ತದಾ? ಏನು ಮಾಡಬೇಕು?

ಕಾರವಾರದಿಂದ: ಹೊರಡುವ ಹಿಂದಿನ ರಾತ್ರಿ ಕ್ಯಾಲೆಂಡರ್‌ನಲ್ಲಿ ಬರುವ ದಿನ ಗುರುತು ಹಾಕಿಸಿ. ಎಂಟನೇ ದಿನಕ್ಕಲ್ಲ, ಹತ್ತನೆಯದಕ್ಕೆ. ಗಾಳಿ ಎದ್ದರೆ, ಮೀನು ಬೀಳದಿದ್ದರೆ ಬೋಟು ತಡವಾಗುತ್ತದೆ, ಆರು ವರ್ಷದವನಿಗೆ ಅದು ಅಪ್ಪ ಮಾತು ತಪ್ಪಿದ ಹಾಗೆ. ಮೊದಲೇ ಬಂದರೆ ಹಬ್ಬ. ದಂಡೆ ದಾಟಿದ ಮೇಲೆ ಸಿಗ್ನಲ್ ನಂಬುವಂತಿಲ್ಲ, ಹಾಗಾಗಿ ರಾತ್ರಿಗೊಂದರಂತೆ ಎರಡೆರಡು ನಿಮಿಷ ಮಾತು ರೆಕಾರ್ಡ್ ಮಾಡಿಟ್ಟು ಹೋಗಲಿ. ಅದರಲ್ಲಿ ಒಗಟು, ಕಥೆ ಇರಲಿ, ಬುದ್ಧಿವಾದ ಬೇಡ.

ಕೆಡುವುದು ಹೆಚ್ಚಾಗಿ ವಾಪಸ್ ಬಂದ ದಿನ. ನಿದ್ದೆಗೆಟ್ಟು ಬಂದವರು ಚಪ್ಪಲಿ ಬಿಡುವ ಮೊದಲೇ ಮಾರ್ಕು ಕೇಳುತ್ತಾರೆ, ಅಮ್ಮ ಬೇಡ ಎಂದ ಟಿವಿ ಹಾಕಿಕೊಡುತ್ತಾರೆ. ಮೊದಲು ಮಲಗಲಿ. ಎಷ್ಟು ಗಂಟೆಗೆ ಏಳುತ್ತಾರೆಂದು ಮಕ್ಕಳಿಗೆ ಹೇಳಿಡಿ. ಎರಡು ದಿನ ಮನೆಯಲ್ಲಿ ನಡೆಯುವುದು ಅಮ್ಮನ ಮಾತೇ.

ಶಿರಸಿಯಿಂದ: ದಿನ ಎಣಿಸಿ ಹೆದರಬೇಡಿ. ಅಮೆರಿಕದ ಫ್ರೀಡ್‌ಮನ್ ಮತ್ತು ಗ್ರೀನ್‌ಹಾಸ್ 2000ದಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಅಪ್ಪ ಎಷ್ಟೇ ಗಂಟೆ ದುಡಿಯಲಿ, ತಲೆಯೆಲ್ಲ ಕೆಲಸದಲ್ಲೇ ಇದ್ದರೆ ಮಕ್ಕಳ ನಡವಳಿಕೆಯಲ್ಲಿ ತೊಂದರೆ ಹೆಚ್ಚು ಕಂಡಿತ್ತು. ಕೆಲಸದಲ್ಲಿ ತೃಪ್ತಿ ಇದ್ದವರ ಮಕ್ಕಳಲ್ಲಿ ಕಡಿಮೆ. ಇದರಿಂದಲೇ ಅದು ಎಂದು ಹೇಳಲಾಗದು, ಅವರು ನೋಡಿದ್ದೂ ಓದಿದ ನೌಕರಿಯವರನ್ನು. ಆದರೆ ಅಡಿಕೆ ಕೊಯ್ಲಿನ ಹೊತ್ತಿಗೆ ಇಲ್ಲಿ ಬಂದು ನೋಡಿ: ಅಪ್ಪ ಅಂಗಳದಲ್ಲೇ ಕೂತಿರುತ್ತಾನೆ, ಕಣ್ಣು ಮಾತ್ರ ಮೊಬೈಲಿನಲ್ಲಿ ಬರುವ ಚಾಲಿ (ಒಣಗಿಸಿ ಸುಲಿದ ಅಡಿಕೆ) ದರದ ಮೇಲೆ. ಮಗು ಮೂರು ಸಲ ಕರೆದರೂ "ಹೂಂ" ಅಷ್ಟೆ. ದರ ನೋಡಲು ದಿನಕ್ಕೊಂದು ಹೊತ್ತು ಗೊತ್ತು ಮಾಡಿಕೊಳ್ಳಿ.

ಭಟ್ಕಳದಿಂದ: ದುಬೈನಲ್ಲಿರುವ ಅಪ್ಪಂದಿರಿಗೂ ಒಂದು ಮಾತು. ನಮ್ಮ ರಾತ್ರಿ 8.30 ಅಲ್ಲಿ ಸಂಜೆ 7. ದಿನವೂ ಅದೇ ಹೊತ್ತಿಗೆ 10 ನಿಮಿಷ ಸಾಕು. "ಊಟ ಆಯ್ತಾ, ಓದಿದ್ಯಾ" ಎಂದರೆ ಮಾತು ಅಲ್ಲಿಗೇ ನಿಲ್ಲುತ್ತದೆ. ನಿನ್ನೆ ಮಗು ಹೇಳಿದ್ದನ್ನೇ ಹಿಡಿದು ಕೇಳಿ.

ತದಡಿಯಿಂದ: ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಟ್ರಾಲಿಂಗ್ ನಿಷೇಧ. ನಿಮಗೆ ಸಿಗುವ ದೊಡ್ಡ ಅವಕಾಶ ಅದೇ. ಮಳೆಗಾಲದ ಸಂಜೆ ಪಾತ್ರೆ ತೊಳೆಯುವುದು, ಬಂಗಡೆ ಹೆಚ್ಚುವುದು ಅಪ್ಪನ ಪಾಲಿಗಿರಲಿ. ಕೆನಡಾದ ವ್ಯಾಂಕೂವರ್‌ನಲ್ಲಿ 7ರಿಂದ 13 ವಯಸ್ಸಿನ 326 ಮಕ್ಕಳ ಮೇಲೆ ನಡೆದ, 2014ರಲ್ಲಿ ಪ್ರಕಟವಾದ ಅಧ್ಯಯನವೊಂದಿದೆ: ಅಪ್ಪ ಮನೆಗೆಲಸಕ್ಕೆ ಕೈ ಹಾಕುವ ಮನೆಯ ಹೆಣ್ಣುಮಕ್ಕಳು "ಹೆಂಗಸರ ಕೆಲಸ" ಎಂಬ ಗೆರೆಯಾಚೆಗೂ ಕನಸು ಕಾಣುತ್ತಿದ್ದರು. ಬಲೆ ಮಗನಿಗೆ, ಪಾತ್ರೆ ಮಗಳಿಗೆ ಎಂದು ಹಂಚಲೇಬೇಡಿ. ಬಲೆ ಸೂಜಿಗೆ ದಾರ ತುಂಬಲು ಹತ್ತು ವರ್ಷದ ಕೈ ಸಾಕು: ಸೂಜಿಯ ನಡುವಿನ ನಾಲಗೆಯಂಥ ಕಡ್ಡಿಗೆ ಸಿಕ್ಕಿಸಿ, ಬುಡಕ್ಕೆ ಎಳೆದು, ಸೂಜಿ ತಿರುಗಿಸಿ, ಮತ್ತೆ ನಾಲಗೆಗೆ. ಮೊದಲ ಸಲ ಎಲ್ಲರೂ ಜಾಸ್ತಿ ತುಂಬುತ್ತಾರೆ, ಸೂಜಿ ದಪ್ಪವಾಗಿ ಬಲೆಯ ಕಣ್ಣಿನಲ್ಲಿ ಸಿಕ್ಕಿಕೊಳ್ಳುತ್ತದೆ. ಆಗ ಅಪ್ಪ ಕಸಿದುಕೊಳ್ಳದೆ, ಅವಳೇ ಬಿಚ್ಚುವವರೆಗೆ ಪಕ್ಕದಲ್ಲಿ ಕೂರಲಿ.