ಪಂಪನಿಂದಲೇ ಆರಂಭಿಸಬೇಕೇ? ಹಳೆಯ ಕಾವ್ಯಗಳ ಓದಿನ ಬಗ್ಗೆ ಒಂದು ಪ್ರಶ್ನೆ

ಪ್ರಶ್ನೆ (ಬೆಂಗಳೂರಿನಿಂದ)

ನಾನು ಓದಿದ್ದು ವಿಜ್ಞಾನ. ಪಿಯುಸಿಯ ನಂತರ ಕನ್ನಡ ಪಠ್ಯವನ್ನು ಮುಟ್ಟಿದವನಲ್ಲ. ಕಾದಂಬರಿಗಳ ಓದು ಮಾತ್ರ ಎಂದೂ ನಿಂತಿಲ್ಲ, ಬಸವಣ್ಣನ ವಚನಗಳನ್ನೂ ಹೆಚ್ಚಿನ ಕಷ್ಟವಿಲ್ಲದೆ ಓದುತ್ತೇನೆ. ಆದಿಕವಿಯಿಂದ ಹೊರಟು ಕ್ರಮವಾಗಿ ಮುಂದೆ ಬರೋಣವೆಂದು ಪಂಪಭಾರತವನ್ನು ಕೈಗೆತ್ತಿಕೊಂಡಿದ್ದೇನೆ. ಒಂದೊಂದು ಪದ್ಯಕ್ಕೂ ನಿಘಂಟು ತೆರೆಯಬೇಕಾಗಿರುವುದರಿಂದ ಕಥೆಯ ಎಳೆಯೇ ಕೈತಪ್ಪುತ್ತಿದೆ. ಈ ಕ್ರಮ ಸರಿಯೇ? ಗದ್ಯಾನುವಾದವನ್ನು ಓದಿದರೆ ಕಾವ್ಯವನ್ನು ಓದಿದಂತಾಗುತ್ತದೆಯೇ? ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ (ನಿವೃತ್ತ ಅಧ್ಯಾಪಕಿ, ಧಾರವಾಡ)

ಮಾನ್ಯರೇ, ಕಾಲಾನುಕ್ರಮವು ಸಾಹಿತ್ಯ ಚರಿತ್ರೆಯನ್ನು ಬರೆಯುವವರಿಗೆ ಬೇಕಾದದ್ದು. ಓದುಗರಿಗೆ ಅದರ ಹಂಗಿಲ್ಲ. 12ನೆಯ ಶತಮಾನದ ವಚನ ನಿಮಗೆ ತಿಳಿಯುತ್ತದೆ. ಅದಕ್ಕಿಂತ ಈಚಿನ ಎಷ್ಟೋ ಕಾವ್ಯಗಳು ಅಷ್ಟು ಸುಲಭವಾಗಿ ತಿಳಿಯಲಾರವು. ತೊಡಕು ಹಳೆಯದೆಂಬುದರಲ್ಲಿ ಇಲ್ಲ, ಕಟ್ಟಿದ ಬಗೆಯಲ್ಲಿದೆ. ಪಂಪನದು ಚಂಪೂ: ಸಂಸ್ಕೃತದಿಂದ ಬಂದ ವೃತ್ತಗಳು, ಕಂದಗಳು, ನಡುನಡುವೆ ಉದ್ದುದ್ದ ಸಮಾಸಗಳ ಗದ್ಯ. 10ನೆಯ ಶತಮಾನದಲ್ಲಿ ತನ್ನ ದೊರೆ ಅರಿಕೇಸರಿಯನ್ನು ಅರ್ಜುನನೊಡನೆ ಒಂದಾಗಿಸಿ, ಪಂಡಿತರಿದ್ದ ಸಭೆಗಾಗಿ ಅವನು ಬರೆದ ಕಾವ್ಯವದು.

ನೀವು ಕುಮಾರವ್ಯಾಸನಿಂದ ಆರಂಭಿಸಿ, ಅದರಲ್ಲಿಯೂ ವಿರಾಟಪರ್ವದಿಂದ. ಅಂತಃಪುರದ ಹೆಂಗಸರ ಮುಂದೆ ಪೌರುಷ ಕೊಚ್ಚಿಕೊಂಡ ಉತ್ತರಕುಮಾರನು ಕೌರವರ ಸೇನೆ ಕಣ್ಣಿಗೆ ಬಿದ್ದೊಡನೆ ರಥದಿಂದಿಳಿದು ಓಡುವುದನ್ನೂ ಬೃಹನ್ನಳೆ ಬೆನ್ನಟ್ಟಿ ಹಿಡಿಯುವುದನ್ನೂ ಓದಿ ನಗದವರನ್ನು ನನ್ನ ತರಗತಿಗಳಲ್ಲಿ ನಾನು ಕಂಡಿಲ್ಲ. ಪ್ರತಿ ಸಂಧಿಯ, ಎಂದರೆ ಅಧ್ಯಾಯದ, ಮೊದಲಿಗೆ ‘ಸೂಚನೆ’ಯೆಂಬ ಚಿಕ್ಕ ಪದ್ಯವಿದ್ದು, ಮುಂದೆ ನಡೆಯಲಿರುವುದನ್ನು ಅದೇ ಹೇಳಿಬಿಡುವುದರಿಂದ ಕಥೆ ಕೈತಪ್ಪುವ ಭಯವೂ ಇಲ್ಲ.

ಹೊಸಬರು ಎಡವುವ ಜಾಗವೊಂದನ್ನು ಮಾತ್ರ ತೋರಿಸುತ್ತೇನೆ. ಪೀಠಿಕೆಯ ಈ ಪ್ರಸಿದ್ಧ ಪದ್ಯದ ಮೊದಲರ್ಧವನ್ನು ನೋಡಿ:

ತಿಣಿಕಿದನು ಫಣಿರಾಯ ರಾಮಾ
ಯಣದ ಕವಿಗಳ ಭಾರದಲಿ ತಿಂ
ತಿಣಿಯ ರಘುವರಚರಿತೆಯಲಿ ಕಾಲಿಡಲು ತೆರಪಿಲ್ಲ

‘ರಾಮಾಯಣ’ ಎರಡು ಸಾಲಿಗೆ ಹರಿದಿದೆ, ‘ತಿಂತಿಣಿ’ಯೂ ಹಾಗೆಯೇ. ಕುಮಾರವ್ಯಾಸ ಬಳಸಿದ ಛಂದಸ್ಸಾದ ಭಾಮಿನೀ ಷಟ್ಪದಿಯ ನಡೆ ಮೂರು ಮಾತ್ರೆ, ನಾಲ್ಕು ಮಾತ್ರೆ, ಮತ್ತೆ ಮೂರು, ನಾಲ್ಕು. ಲೆಕ್ಕ ತುಂಬಿದಲ್ಲಿ ಸಾಲು ಮುರಿಯುತ್ತದೆಯೇ ಹೊರತು ಅರ್ಥ ಮುಗಿದಲ್ಲಿ ಅಲ್ಲ. ಹೊಸಗವನವನ್ನು ಓದುವಂತೆ ಪ್ರತಿ ಸಾಲಿನ ಕೊನೆಯಲ್ಲಿ ನಿಂತರೆ ಏನೂ ತಿಳಿಯುವುದಿಲ್ಲ. ಮೊದಲು ಲಯಕ್ಕೆ ಗಟ್ಟಿಯಾಗಿ ಓದಿ, ಅನಂತರ ಸಾಲುಗಳನ್ನು ಮರೆತು ಅರ್ಥಕ್ಕೆ ಓದಿ. ರಾಮಾಯಣ ಬರೆದವರ ಭಾರಕ್ಕೆ ಆದಿಶೇಷನೇ ತಿಣುಕಿದ, ಆ ಕಥೆಯ ನೂಕುನುಗ್ಗಲಿನಲ್ಲಿ ಕಾಲಿಡಲೂ ಜಾಗವಿಲ್ಲ ಎಂಬ ಕವಿಯ ಕುಚೋದ್ಯ ಆಗ ತಾನಾಗಿ ಹೊಳೆಯುತ್ತದೆ.

ಉತ್ತರ (ಶಿವಮೊಗ್ಗದಿಂದ)

ಮೇಡಂ ಅವರ ಮಾತಿಗೆ ಒಂದನ್ನು ಸೇರಿಸುತ್ತೇನೆ: ಓದುವ ಮೊದಲು ಕೇಳಿ. ನಮ್ಮ ಊರಿನ ಸಮೀಪದ ಮತ್ತೂರು, ಹೊಸಹಳ್ಳಿಗಳಲ್ಲಿ ಗಮಕ ಇಂದಿಗೂ ಜೀವಂತವಾಗಿದೆ. ಗಮಕಿಗಳು ಪದ್ಯವನ್ನು ರಾಗದಲ್ಲಿ ವಾಚಿಸುತ್ತಾರೆ, ಪಕ್ಕದಲ್ಲಿ ಕುಳಿತ ವ್ಯಾಖ್ಯಾನಕಾರರು ಅರ್ಥ ಹೇಳುತ್ತಾರೆ. ಎಲ್ಲಿ ಪದ ಬಿಡಿಸಬೇಕು, ಎಲ್ಲಿ ಕೂಡಿಸಬೇಕು ಎಂಬುದನ್ನು ಗಮಕಿಗಳ ಕಂಠವೇ ಕಲಿಸುತ್ತದೆ. ಧ್ವನಿಮುದ್ರಣಗಳು ಅಂತರಜಾಲದಲ್ಲಿಯೂ ಸಿಗುತ್ತವೆ. ಪುಸ್ತಕವನ್ನು ತೆರೆದಿಟ್ಟುಕೊಂಡೇ ಕೇಳಿ.

ಉತ್ತರ (ಉಡುಪಿಯಿಂದ)

ಮೇಲಿನ ಇಬ್ಬರ ಸಲಹೆಯೂ ಸರಿ, ಆದರೆ ನನ್ನದೊಂದು ತಕರಾರಿದೆ. ಕುಮಾರವ್ಯಾಸನನ್ನು ಎಷ್ಟು ಓದಿದರೂ ಹಳಗನ್ನಡದ ವ್ಯಾಕರಣ ಬರುವುದಿಲ್ಲ, ಏಕೆಂದರೆ ಅವನದು ನಡುಗನ್ನಡ. ನಿಮ್ಮ ಗುರಿ ಪಂಪನೇ ಆಗಿದ್ದರೆ ನಡುವೆ ಮುದ್ದಣನ ‘ರಾಮಾಶ್ವಮೇಧ’ವನ್ನು ಓದಿ. 19ನೆಯ ಶತಮಾನದ ಕೊನೆಯಲ್ಲಿ, ಬೇಕೆಂದೇ ಹಳಗನ್ನಡದ ಗದ್ಯದಲ್ಲಿ ಬರೆದ ಕೃತಿಯದು. ಅದರಲ್ಲಿ ಮುದ್ದಣ ತನ್ನ ಹೆಂಡತಿ ಮನೋರಮೆಗೆ ಕಥೆ ಹೇಳುತ್ತಾನೆ; ಅವಳು ಸುಮ್ಮನೆ ತಲೆದೂಗುವವಳಲ್ಲ. ಗಂಡ ಸಂಸ್ಕೃತದ ಬಿಗುವಿಗೆ ಹೊರಳಿದಾಗ ತಡೆದು, ತಿಳಿಗನ್ನಡದಲ್ಲಿ ಹೇಳೆಂದು ಪಟ್ಟು ಹಿಡಿಯುತ್ತಾಳೆ. ನಿಮ್ಮ ಈಗಿನ ಅವಸ್ಥೆಯಲ್ಲಿರುವವರಿಗೆ ಅವಳಿಗಿಂತ ಒಳ್ಳೆಯ ಜೊತೆ ಸಿಗಲಾರದು. ಅವಳ ಜೊತೆಯಲ್ಲಿಯೇ ‘ಪಾಲ್’ ಹಾಲೆಂದೂ ‘ಪುಲಿ’ ಹುಲಿಯೆಂದೂ ‘ಮರಮಂ’ ಎಂದರೆ ಮರವನ್ನು ಎಂದೂ ಕಣ್ಣಿಗೆ ರೂಢಿಯಾಗುತ್ತದೆ, ನಿಘಂಟಿನ ಕೆಲಸ ಅರ್ಧಕ್ಕರ್ಧ ಕಡಿಮೆಯಾಗುತ್ತದೆ.

ಗದ್ಯಾನುವಾದದ ವಿಷಯ: ಅದನ್ನೇ ಕಾವ್ಯವೆಂದುಕೊಳ್ಳಬೇಡಿ, ಅದನ್ನು ಓದಲು ಸಂಕೋಚವನ್ನೂ ಪಡಬೇಡಿ. ಪಂಪನ ಒಂದು ಆಶ್ವಾಸದ (ಅಧ್ಯಾಯದ) ಗದ್ಯವನ್ನು ಓದಿ ಮುಗಿಸಿ ಮೂಲಕ್ಕೆ ಹೋದರೆ ಮನಸ್ಸು ಕಥೆಯ ಚಿಂತೆ ಬಿಟ್ಟು ಮಾತಿನ ಕಡೆಗೆ ತಿರುಗುತ್ತದೆ. ಶಬ್ದಾರ್ಥಕ್ಕೆ ಡಿ.ಎಲ್. ನರಸಿಂಹಾಚಾರ್ಯರ ‘ಪಂಪಭಾರತ ದೀಪಿಕೆ’ ಇದೆ. ಪಂಪನನ್ನು ಮತ್ತೆ ತೆರೆಯುವಾಗ ಮೊದಲ ಆಶ್ವಾಸಕ್ಕೆ ಹೋಗದೆ, ‘ನೆನೆಯದಿರಣ್ಣ ಭಾರತದೊಳಿಂ ಪೆಱರಾರುಮಂ’ ಎಂದು ಕವಿಯು ಕರ್ಣನೊಬ್ಬನನ್ನೇ ನೆನೆಯಲು ಹೇಳುವ ಹನ್ನೆರಡನೆಯ ಆಶ್ವಾಸಕ್ಕೆ ಹೋಗಿ. ಅರಿಕೇಸರಿಯ ವಂಶಾವಳಿಯನ್ನು ಆಮೇಲೆ ಓದಿದರೂ ನಷ್ಟವೇನಿಲ್ಲ.